ಹಾಲನ್ನೂ ಬಿಟ್ಟವರ ಸಂಘ

ನಮ್ಮ ಕಡೆ ಸಸ್ಯಾಹಾರಿ ಅಂದ್ರೆ ಮಾಂಸ, ಮೀನು, ಮೊಟ್ಟೆ ತಿನ್ನದವರು. ಅವರು ಹಾಲು, ಮೊಸರು, ತುಪ್ಪ ತಿನ್ನಬಹುದೇ ಅಂತ ಯಾರೂ ಕೇಳುವುದೇ ಇಲ್ಲ. ಆದರೆ ಇಂಗ್ಲೆಂಡಿನಲ್ಲಿ ಈ ಒಂದು ಪ್ರಶ್ನೆಯಿಂದಲೇ ಒಂದು ಸಂಘ ಹುಟ್ಟಿತು. ಅದರ ಹೆಸರು ವೀಗನ್ ಸೊಸೈಟಿ. ನಮ್ಮೂರಲ್ಲಿ ಬಹಳ ಮನೆಗಳಲ್ಲಿ ಹಸು ಇವೆ. ನಮ್ಮ ಮನೆ ಖರ್ಚೂ ಡೈರಿ ಬಟವಾಡೆಯಲ್ಲೇ ನಡೆಯುವುದು. ಹಾಲೇ ಬೇಡ ಅನ್ನುವವರು ಯಾಕೆ ಹಾಗನ್ನುತ್ತಾರೆ ಎಂದು ತಿಳಿಯಬೇಕೆನಿಸಿ ನಾನು ಈ ವಿಷಯ ಆರಿಸಿಕೊಂಡೆ.

ಇಂಗ್ಲೆಂಡಿನಲ್ಲಿ ಸಸ್ಯಾಹಾರಿಗಳ ಸಂಘವು 1847ರಲ್ಲೇ ರಾಮ್ಸ್‌ಗೇಟ್ ಎಂಬ ಊರಲ್ಲಿ ಸ್ಥಾಪನೆಯಾಗಿತ್ತು. ಆ ಸಂಘದವರು ಮಾಂಸ ತಿನ್ನುತ್ತಿರಲಿಲ್ಲ, ಆದರೆ ಹಾಲು, ಮೊಟ್ಟೆಗೆ ಅಡ್ಡಿ ಇರಲಿಲ್ಲ. ಡೊನಾಲ್ಡ್ ವಾಟ್ಸನ್ ಎಂಬುವರು ಇದನ್ನು ಒಪ್ಪಲಿಲ್ಲ. ಇವರು ಹುಟ್ಟಿದ್ದು 1910ರಲ್ಲಿ, ಯಾರ್ಕ್‌ಶೈರಿನ ಮೆಕ್ಸ್‌ಬರೋ ಎಂಬ ಗಣಿ ಊರಿನಲ್ಲಿ. ತಂದೆ ಶಾಲೆಯ ಹೆಡ್‌ಮಾಸ್ಟರು. ಚಿಕ್ಕವರಿದ್ದಾಗ ಬಂಧುಗಳ ಜಮೀನಿಗೆ ಹೋಗಿದ್ದಾಗ ಹಂದಿ ಕಡಿಯುವುದನ್ನು ಕಂಡು, ಅದರ ಕೂಗು ಕೇಳಿ, ಅವರ ಮನಸ್ಸು ಕಲಕಿಹೋಯಿತು. 1924ರಲ್ಲಿ ಮಾಂಸ ಬಿಟ್ಟರು. ಆಗ ಅವರಿಗೆ ನಮ್ಮಷ್ಟೇ ವಯಸ್ಸು, ಹದಿನಾಲ್ಕು! ಮುಂದೆ ಅವರು ಮರಗೆಲಸ ಕಲಿಸುವ ಮೇಷ್ಟ್ರಾದರು.

ಹಾಲು ಯಾಕೆ ಬೇಡ? ಅವರ ವಾದ ಹೀಗಿದೆ. ಹಸು ಸುಮ್ಮನೆ ಹಾಲು ಕೊಡುವುದಿಲ್ಲ, ಕರು ಹಾಕಿದರೆ ಮಾತ್ರ ಕೊಡುತ್ತದೆ. ಹಾಲು ಬೇಕೆಂದರೆ ಮತ್ತೆ ಮತ್ತೆ ಕರು ಹಾಕಿಸಬೇಕು. ಹುಟ್ಟಿದ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಅವು ಹಾಲು ಕೊಡುವುದಿಲ್ಲ, ಆದ್ದರಿಂದ ಮಾಂಸಕ್ಕೆ ಹೋಗುತ್ತವೆ. ಹಸುವೂ ಬತ್ತಿದ ಮೇಲೆ ಅದೇ ದಾರಿ. ಅಂದರೆ ಹಾಲಿನ ವ್ಯಾಪಾರವೂ ಮಾಂಸದ ವ್ಯಾಪಾರವೂ ಒಂದಕ್ಕೊಂದು ಅಂಟಿಕೊಂಡಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಂಡರೆ ಏನು ಪ್ರಯೋಜನ ಎಂಬುದು ಅವರ ಪ್ರಶ್ನೆ.

ಈ ಮಾತನ್ನು ಓದಿದಾಗ ನನಗೆ ನಮ್ಮ ಕೊಟ್ಟಿಗೆಯೇ ಕಣ್ಣ ಮುಂದೆ ಬಂತು. ಸೀಮೆಹಸು ಗಂಡುಕರು ಹಾಕಿದರೆ ಮನೆಯವರ ಮುಖ ಸಪ್ಪಗಾಗುತ್ತದೆ. ಉಳುಮೆಗೆ ಈಗ ಟ್ರ್ಯಾಕ್ಟರ್ ಇದೆ. ನಮ್ಮಜ್ಜಿ ಮಾತ್ರ ಕೆಚ್ಚಲಲ್ಲಿ ಕರುವಿನ ಪಾಲು ಬಿಟ್ಟೇ ಹಾಲು ಕರೀಬೇಕು ಅಂತಾರೆ. ಅದು ಒಳ್ಳೆಯದೇ. ಆದರೂ ಗಂಡುಕರುವಿನ ಪ್ರಶ್ನೆಗೆ ಅಜ್ಜಿಯ ಹತ್ತಿರವೂ ಉತ್ತರವಿಲ್ಲ. ಹಾಗಂತ ನಾಳೆಯಿಂದ ಡೈರಿಗೆ ಹಾಲು ಹಾಕುವುದು ನಿಲ್ಲಿಸಿದರೆ ನನ್ನ ನೋಟ್‌ಬುಕ್ಕಿಗೆ ದುಡ್ಡೆಲ್ಲಿಂದ ಬರಬೇಕು? ಇಂಗ್ಲೆಂಡಿನ ಮೇಷ್ಟ್ರಿಗೆ ಸಂಬಳ ಇತ್ತು, ನಮಗೆ ಹಸುವೇ ಸಂಬಳ.

1944ರಲ್ಲಿ ವಾಟ್ಸನ್ ಮತ್ತು ಎಲ್ಸಿ ಶ್ರಿಗ್ಲಿ ಎಂಬಾಕೆ ಹಳೆಯ ಸಂಘವನ್ನು ಕೇಳಿಕೊಂಡರು: ಹಾಲು ಬಿಟ್ಟವರಿಗೆ ನಿಮ್ಮ ಪತ್ರಿಕೆಯಲ್ಲಿ ಸ್ವಲ್ಪ ಜಾಗ ಕೊಡಿ. ಸಂಘ ಒಪ್ಪಲಿಲ್ಲ. ಅದೇ ನವೆಂಬರಿನಲ್ಲಿ ಲಂಡನ್ನಿನಲ್ಲಿ ಆರು ಜನ ಸೇರಿ ಬೇರೆ ಸಂಘ ಕಟ್ಟಿದರು. ಬರೀ ಆರು ಜನ! ಅದೂ ಎರಡನೇ ಮಹಾಯುದ್ಧದ ಕಾಲ, ಊಟವೆಲ್ಲ ರೇಷನ್ ಲೆಕ್ಕದಲ್ಲಿ. ಮಾಂಸದ ಪಾಲು ಬೇಡವೆಂದವರಿಗೆ ಸರ್ಕಾರ ಹೆಚ್ಚು ಚೀಸ್ ಕೊಡುತ್ತಿತ್ತು. ಚೀಸ್ ಕೂಡ ಹಾಲಿನದೇ, ಹಾಗಾಗಿ ಇವರಿಗೆ ಅದೂ ಇಲ್ಲ.

ಹೆಸರು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ವೆಜಿಟೇರಿಯನ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಮೊದಲ ಮೂರು ಅಕ್ಷರ, ಕೊನೆಯ ಎರಡು ಅಕ್ಷರ ಉಳಿಸಿ ಮಧ್ಯದ್ದನ್ನು ಹೊಡೆದುಹಾಕಿ. ವೀಗನ್ ಸಿಕ್ಕಿತಲ್ಲ! ಸಂಘದ ಮೊದಲ ಪತ್ರಿಕೆಯ ಬೆಲೆ ಎರಡು ಪೆನ್ನಿ. ನಮ್ಮ ಗೋಡೆ ಪತ್ರಿಕೆಗೆ ಅಷ್ಟೂ ಇಲ್ಲ ಬಿಡಿ.

ಸಂಘದವರು ಊಟದಲ್ಲಿ ಜೇನುತುಪ್ಪವನ್ನೂ ಬಿಡುತ್ತಾರೆ. ಚರ್ಮ, ಉಣ್ಣೆ, ರೇಷ್ಮೆಯನ್ನೂ ತೊಡುವುದಿಲ್ಲ. ರೇಷ್ಮೆ ಯಾಕೆ ಅಂತ ಹಿಪ್ಪುನೇರಳೆ ಬೆಳೆಯುವವರ ಮಕ್ಕಳಿಗೆ ಹೇಳಬೇಕಿಲ್ಲ. ಹುಳ ಒಳಗಿರುವಾಗಲೇ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುತ್ತಾರೆ.

ಹಾಲು ಬಿಡುವುದು ಸುಲಭವೇನಲ್ಲ. ಗಾಂಧೀಜಿಯವರು 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಹಾಲು ಬಿಟ್ಟಿದ್ದರು. ಮುಂದೆ ಭಾರತದಲ್ಲಿ ಕಾಯಿಲೆ ಬಿದ್ದು ಸೊರಗಿದಾಗ ಕಸ್ತೂರಬಾ ಅವರ ಮಾತಿನಂತೆ ಮೇಕೆ ಹಾಲು ಕುಡಿದರು. ಹಸು, ಎಮ್ಮೆ ಹಾಲನ್ನು ಮಾತ್ರ ಮುಟ್ಟಲಿಲ್ಲ. ವಿಜ್ಞಾನದ ತೊಡಕೂ ಒಂದಿದೆ. ಬಿ12 ಎಂಬ ಜೀವಸತ್ವವನ್ನು ಗಿಡಗಳು ತಯಾರಿಸುವುದಿಲ್ಲ, ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ. ನಮಗೆ ಅದು ಹಾಲು, ಮೊಟ್ಟೆ, ಮಾಂಸದಿಂದ ಬರುತ್ತದೆ. ಕೊರತೆಯಾದರೆ ರಕ್ತಹೀನತೆ, ನರಗಳ ದೌರ್ಬಲ್ಯ ಬರುತ್ತದೆ. ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದು 1948ರಲ್ಲಿ, ಸಂಘ ಹುಟ್ಟಿ ನಾಲ್ಕು ವರ್ಷವಾದ ಮೇಲೆ. ಈಗ ಸಂಘವೇ ತನ್ನವರಿಗೆ ಬಿ12 ಮಾತ್ರೆಯನ್ನೋ, ಅದನ್ನು ಸೇರಿಸಿದ ಆಹಾರವನ್ನೋ ತಪ್ಪದೆ ತೆಗೆದುಕೊಳ್ಳಿ ಅನ್ನುತ್ತದೆ. ಈ ವಿಷಯ ಮುಚ್ಚಿಡದೆ ಹೇಳಿರುವುದು ನನಗೆ ಮೆಚ್ಚುಗೆಯಾಯಿತು. ಯಾರಾದರೂ ಉತ್ಸಾಹದಲ್ಲಿ ಹಾಲು ಬಿಡುವುದಾದರೆ ಮೊದಲು ಡಾಕ್ಟರನ್ನು ಕೇಳಿ.

ಸಂಘದವರು ಬರೀ ಬೇಡ ಬೇಡ ಅನ್ನುತ್ತ ಕೂರಲಿಲ್ಲ. ಸಂಘದ ಲೆಸ್ಲಿ ಕ್ರಾಸ್ ಎಂಬುವರು 1956ರಲ್ಲಿ ಗಿಡದಿಂದ ಹಾಲು ಮಾಡಲು ಒಂದು ಗುಂಪು ಕಟ್ಟಿದರು. 1965ರಲ್ಲಿ ಪ್ಲಾಮಿಲ್ ಎಂಬ ಸೋಯಾ ಹಾಲು ಮಾರಾಟಕ್ಕೆ ಬಂತು. 1990ರಿಂದ ಪ್ರಾಣಿಜನ್ಯ ವಸ್ತು ಇಲ್ಲದ ಪದಾರ್ಥಗಳಿಗೆ ಸಂಘ ಸೂರ್ಯಕಾಂತಿ ಗುರುತು ಕೊಡುತ್ತಿದೆ. 1994ರಿಂದ ನವೆಂಬರ್ 1 ವಿಶ್ವ ವೀಗನ್ ದಿನ. ನಾವು ಅಂದು ರಾಜ್ಯೋತ್ಸವದ ಗಡಿಬಿಡಿಯಲ್ಲಿರುತ್ತೇವೆ. ವಾಟ್ಸನ್ 2005ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ದೇಶದಲ್ಲಿ ಬಿಸ್ಕತ್ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ಅದರೊಳಗೆ ಹಾಲಿನ ಪುಡಿ ಇದ್ದರೂ ಚುಕ್ಕೆ ಹಸಿರೇ. ವೀಗನ್ ಆಹಾರಕ್ಕೆ ಬೇರೆ ನಿಯಮ 2022ರಲ್ಲಿ ಬಂದಿದೆ, ಅದರ ಗುರುತು ಹಸಿರು ಬಣ್ಣದ ವಿ ಅಕ್ಷರ ಮತ್ತು ಒಂದು ಚಿಗುರು. ನಮ್ಮೂರ ಅಂಗಡಿಯಲ್ಲಿ ನಾನು ಹುಡುಕಿದೆ, ಒಂದೂ ಸಿಗಲಿಲ್ಲ. ಆದರೆ ರಾಗಿಮುದ್ದೆ, ಹುರುಳಿ ಸಾರು, ಹುಚ್ಚೆಳ್ಳು ಚಟ್ನಿಗೆ ಯಾವ ಗುರುತೂ ಬೇಕಿಲ್ಲ. ಮೇಲೆ ಮಜ್ಜಿಗೆ ಹಾಕಿಕೊಳ್ಳದಿದ್ದರೆ ಆಯಿತು.