ಕತ್ತೆ ಸಾಕುವವರಿಗೆ ಮರಿ ಲೆಕ್ಕ

ಕತ್ತೆ ಸಾಕ್ತೀನಿ ಅಂದ್ರೆ ಕಲಬುರಗಿಯ ಜಗತ್ ಕಡೆ ಚಹಾ ಅಂಗಡಿಯಲ್ಲಿ ಕುಂತವರು ನಗ್ತಾರೆ. ಕತ್ತೆ ಹಾಲಿಗೆ ಲೀಟರಿಗೆ ಸಾವಿರಾರು ರೂಪಾಯಿ ಅಂದ್ರೆ ಅದೇ ಜನ ಕಿವಿ ನಿಗಿರಿಸ್ತಾರೆ. ಎರಡೂ ತಪ್ಪೇ. ಕಮಲಾಪುರ ತಾಲ್ಲೂಕಿನ ಒಣ ಬೇಸಾಯದವನು ನಾನು. ತೊಗರಿ, ಜೋಳದ ಜೊತೆ ಎರಡು ಹೆಣ್ಣು, ಒಂದು ಗಂಡು ಕತ್ತೆ ಇಟ್ಟಿದ್ದೇನೆ. ಗೊಬ್ಬರ, ನೀರು, ಕಟ್ಟಿಗೆ ಹೊರಲು ಅವು ಬೇಕು.

ದೇಶದಲ್ಲಿ 2012ರ ಜಾನುವಾರು ಗಣತಿಗೆ ಸುಮಾರು 3.2 ಲಕ್ಷ ಕತ್ತೆ ಇದ್ದವು. 2019ಕ್ಕೆ 1.2 ಲಕ್ಷಕ್ಕೆ ಇಳಿದವು. ಮಡಿವಾಳರ, ಕುಂಬಾರರ ಹೇರು ಟೆಂಪೋಗೆ ಹೋಯಿತು. ಕಳವು, ಕಾನೂನು ಮೀರಿದ ಮಾಂಸದ ಮಾರಾಟವೂ ಸೇರಿದವು. ಕಡಿಮೆಯಾದದ್ದು ಬೇಗ ಹೆಚ್ಚುವುದಿಲ್ಲ. ಯಾಕೆಂದರೆ:

ಮರಿ ಲೆಕ್ಕ

ಹೆಣ್ಣಿಗೆ ಮೂರು ವರ್ಷ ತುಂಬುವ ತನಕ ಗಂಡು ಕೂಡಿಸಬಾರದು. ಬೆದೆ ಮೂರು ಮೂರೂವರೆ ವಾರಕ್ಕೊಮ್ಮೆ ಬರ್ತದೆ. ಗಂಡನ್ನು ಕಂಡು ಬಾಯಿ ತೆರೆದು ಮುಚ್ಚಿ ಆಡಿಸಿದರೆ, ಬಾಲ ಎತ್ತಿದರೆ ಬೆದೆ ಅಂತ ತಿಳೀರಿ. ಗಬ್ಬ ಸುಮಾರು ಹನ್ನೆರಡು ತಿಂಗಳು. ಹದಿಮೂರು ದಾಟಿದ್ದೂ ಉಂಟು. ಈಯುವುದು ಒಂದೇ ಮರಿ, ಅವಳಿ ಅಪರೂಪ. ಹುಟ್ಟಿದ ಆರು ತಾಸಿನೊಳಗೆ ಮರಿಗೆ ಗಿಣ್ಣದ ಹಾಲು ಸಿಗಲೇಬೇಕು. ಆರು ತಿಂಗಳು ತಾಯಿ ಬಿಡಿಸಬೇಡಿ. ಅಂದರೆ ಮೂರು ವರ್ಷಕ್ಕೆ ಎರಡು ಮರಿ. ಆರು ವರ್ಷಕ್ಕೆ ನಾಲ್ಕು, ಅದರಾಗೂ ಅರ್ಧ ಗಂಡು!

ಗಂಡಿನ ಆಯ್ಕೆ

ಅಪ್ಪನನ್ನು ಮಗಳಿಗೆ ಕೂಡಿಸಬೇಡಿ. ಮೂರು ವರ್ಷಕ್ಕೊಮ್ಮೆ ಬೇರೆ ಊರಿನವರ ಜೊತೆ ಗಂಡು ಅದಲುಬದಲು ಮಾಡಿರಿ. ಎಳೆ ಮರಿಯ ಹತ್ತಿರ ಗಂಡನ್ನು ಬಿಡಬೇಡಿ, ಕಚ್ಚಿ ಕೊಲ್ಲಬಹುದು. ಮಹಾರಾಷ್ಟ್ರದ ಜೇಜೂರಿಯಲ್ಲಿ ಪುಷ್ಯ ಹುಣ್ಣಿಮೆಗೆ ಕತ್ತೆ ಸಂತೆ ಕೂಡ್ತದೆ. ಅಲ್ಲಿ ಗುಜರಾತಿನ ಎತ್ತರದ ಕಾಠಿಯಾವಾಡಿ ಕತ್ತೆಗೆ ಹೆಚ್ಚು ಬೆಲೆ. ಆ ಗಂಡನ್ನು ನಮ್ಮ ಗಿಡ್ಡ ಹೆಣ್ಣಿಗೆ ಕೂಡಿಸುತ್ತಾ ಹೋದರೆ ಗಿಡ್ಡ ತಳಿಯೇ ಅಳಿಯುತ್ತದೆ.

ಗಿಡ್ಡದ್ದಕ್ಕೂ ಬೆಲೆ ಉಂಟು. ಇಟಲಿಯ ಸಿಸಿಲಿ, ಸಾರ್ಡಿನಿಯಾ ದ್ವೀಪಗಳ ಕತ್ತೆಗಳನ್ನು 1929ರಲ್ಲಿ ಅಮೆರಿಕಕ್ಕೆ ಒಯ್ದರು. ಅಲ್ಲಿ 36 ಇಂಚು ಮೀರದವನ್ನೇ ಗಿಡ್ಡ ತಳಿ ಎಂದು ದಾಖಲು ಮಾಡಿ ಬೆಳೆಸುತ್ತಾರೆ. ನಮ್ಮ ದೇಶದಲ್ಲಿ ಹಲಾರಿ, ಕಚ್ಛಿ, ಸ್ಪಿತಿ ತಳಿಗಳಿಗೆ ಮಾನ್ಯತೆ ಸಿಕ್ಕಿದೆ. ನಮ್ಮ ಬೂದು ಬಣ್ಣದ ಗಿಡ್ಡ ಕತ್ತೆಯನ್ನು ಉಳಿಸೋರು ನಾವೇ.

ಮೇವು, ಕೊಟ್ಟಿಗೆ

ಜೋಳದ ಒಣ ಕಣಿಕೆ, ತೊಗರಿ ಹೊಟ್ಟು, ಬದುವಿನ ಹುಲ್ಲು ಸಾಕು. ಎಳೆ ಹಸಿ ಜೋಳ ಬೇಡವೇ ಬೇಡ. ಕಾಳು ಸುರಿದರೆ ಗೊರಸಿಗೆ ಉರಿ ಬರ್ತದೆ. ದಪ್ಪಗಿರುವ ಗಬ್ಬದ ಕತ್ತೆ ಒಂದು ದಿನ ಮೇವು ಬಿಟ್ಟರೂ ಡಾಕ್ಟರನ್ನು ಕರೆಸಿರಿ. ಕೊಬ್ಬು ರಕ್ತಕ್ಕೆ ಇಳಿದು ಸಾಯಬಹುದು. ಕತ್ತೆ ಮೈಗೂದಲು ಮಳೆ ತಡೆಯುವುದಿಲ್ಲ. ನಮ್ಮ ಎರೆ ಕೆಸರಿನಲ್ಲಿ ಗೊರಸು ಕೊಳೆಯುತ್ತದೆ. ಮೇಲೆ ಮಾಡು, ಕೆಳಗೆ ಗರಸು ಹಾಕಿದ ಒಣ ನೆಲ ಇರಲಿ. ಎರಡು ತಿಂಗಳಿಗೊಮ್ಮೆ ಗೊರಸು ಕತ್ತರಿಸಿರಿ, ಧನುರ್ವಾಯು ಲಸಿಕೆ ಹಾಕಿಸಿರಿ. ಒಂಟಿ ಕತ್ತೆ ಕೊರಗುತ್ತದೆ, ಜೊತೆ ಬೇಕು. ಬೆನ್ನಿನ ಹೇರಿಗೆ 1965ರ ನಿಯಮದ ಮಿತಿ 50 ಕಿಲೋ. ಗಿಡ್ಡದ್ದಕ್ಕೆ ನಾನು 35 ಮೀರಿಸುವುದಿಲ್ಲ.

ಹಾಲಿನ ಆಸೆ

ಹೆಣ್ಣು ಕತ್ತೆ ಕೊಡುವುದು ಬಹಳವಾದರೆ ದಿನಕ್ಕೆ ಲೀಟರ್. ಅದೂ ಮರಿ ಜೊತೆಗಿದ್ದರೆ, ಆರೇಳು ತಿಂಗಳು ಮಾತ್ರ. 2024ರಲ್ಲಿ ಹೊಸಪೇಟೆಯಲ್ಲಿ ಒಂದು ಕಂಪನಿ ಲಕ್ಷಗಟ್ಟಲೆ ಹಣ ಪಡೆದು ಕತ್ತೆ ಕೊಟ್ಟು, ಹಾಲು ಕೊಳ್ಳುತ್ತೇವೆ ಅಂದಿತ್ತು. ಕೊನೆಗೆ ರೈತರು ಪೊಲೀಸರಿಗೆ ದೂರು ಕೊಡಬೇಕಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜಾನುವಾರು ಮಿಷನ್ನಿಗೆ ಕತ್ತೆಯನ್ನೂ ಸೇರಿಸಿತು. ಶೇಕಡಾ 50, ಗರಿಷ್ಠ 50 ಲಕ್ಷ ರೂಪಾಯಿ ಸಹಾಯಧನ. ಆದರೆ ಸಹಾಯಧನ ಹಾಲು ಕೊಳ್ಳುವುದಿಲ್ಲ.

ಯಾರಾದರೂ ಒಂದು ಕತ್ತೆ ಒಯ್ಯಿರಿ, ಎರಡು ವರ್ಷದಲ್ಲಿ ಹಿಂಡಾಗ್ತದೆ ಅಂದರೆ ಮೇಲಿನ ಮರಿ ಲೆಕ್ಕ ಅವರ ಮುಂದೆ ಹಾಕಿರಿ. ಕೊಳ್ಳುವ ಮುಂಚೆ ಹಲ್ಲು, ಗೊರಸು ನೋಡಿರಿ. ಗ್ಲ್ಯಾಂಡರ್ಸ್ ರೋಗದ ರಕ್ತ ಪರೀಕ್ಷೆ ಪಶು ಆಸ್ಪತ್ರೆ ಮೂಲಕ ಮಾಡಿಸಿರಿ. ಅದು ಮನುಷ್ಯರಿಗೂ ಅಂಟುತ್ತದೆ. ನಿಮ್ಮ ಹೊಲದಾಗ ಹೊರುವ ಕೆಲಸ ಇದ್ದರೆ ಎರಡು ಹೆಣ್ಣಿನಿಂದ ಶುರು ಮಾಡಿರಿ. ಕೆಲಸವೇ ಇಲ್ಲದಿದ್ದರೆ, ಹಾಲಿನ ಆಸೆಗೆ ಮಾತ್ರ ಕತ್ತೆ ಕಟ್ಟಬೇಡಿ.