ಮಹಾಪಧಮನಿಯೂ ಜೀನಿನ ವಿಕೃತಿಯೂ

ಹೃದಯದಿಂದ ಹೊರಡುವ ಮಹಾಪಧಮನಿಯು ನಮ್ಮ ದೇಹದ ಅತ್ಯಂತ ದೊಡ್ಡ ರಕ್ತನಾಳ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಅದು ಹಿಗ್ಗಿ ಕುಗ್ಗುತ್ತದೆ. ಆದರೂ ಅದು ಹರಿಯದೆ ಉಳಿಯುವುದು ಹೇಗೆ? ಅದರ ಗೋಡೆಯಲ್ಲಿ ಹೆಣೆದುಕೊಂಡಿರುವ ಸಂಯೋಜಕ ಅಂಗಾಂಶದ ಎಳೆಗಳೇ ಇದಕ್ಕೆ ಕಾರಣ. ಆ ಎಳೆಗಳ ಪ್ರೋಟೀನು ಹೇಗಿರಬೇಕೆಂಬುದನ್ನು ಜೀನುಗಳು ನಿರ್ಧರಿಸುತ್ತವೆ. ಜೀನು ವಿಕೃತವಾದರೆ ಎಳೆಗಳು ದುರ್ಬಲವಾಗಿ ನಾಳವು ಉಬ್ಬಬಹುದು. ಒಳಪದರ ಸೀಳಿತೆಂದರೆ ಪ್ರಾಣಕ್ಕೇ ಅಪಾಯ.

1896ರಲ್ಲಿ ನೀಳವಾದ ಬೆರಳುಗಳಿದ್ದ ಬಾಲಕಿಯೊಬ್ಬಳನ್ನು ವರ್ಣಿಸಿದ ಫ್ರೆಂಚ್ ವೈದ್ಯ ಮಾರ್ಫಾನನ ಹೆಸರು ಇಂಥ ಒಂದು ರೋಗಕ್ಕೆ ಬಂದಿದೆ. ಫೈಬ್ರಿಲಿನ್ ಎಂಬ ಪ್ರೋಟೀನಿನ ಜೀನೇ ಇದರ ಮೂಲವೆಂದು 1991ರಲ್ಲಿ ತಿಳಿದುಬಂದಿತು.

ಉಬ್ಬಿದ ಭಾಗವನ್ನು ಕತ್ತರಿಸಿ ಕೃತಕ ನೂಲಿನ ಕೊಳವೆಯನ್ನು ಹೊಲಿಯುವುದೇ ಚಿಕಿತ್ಸೆ. ಯಾವಾಗ ಹೊಲಿಯಬೇಕು? 1999ರಲ್ಲಿ ಪ್ರಕಟವಾದ, 675 ಮಾರ್ಫಾನ್ ರೋಗಿಗಳ ಅಧ್ಯಯನವೊಂದನ್ನು ನೋಡೋಣ. ಮೊದಲೇ ನಿಶ್ಚಯಿಸಿ ಶಸ್ತ್ರಚಿಕಿತ್ಸೆ ಮಾಡಿದವರಲ್ಲಿ 30 ದಿನಗಳೊಳಗೆ ಮರಣ ಹೊಂದಿದವರು ನೂರಕ್ಕೆ 1.5, ತುರ್ತಾಗಿ, 24 ಗಂಟೆಯೊಳಗೆ ಮಾಡಬೇಕಾಗಿ ಬಂದವರಲ್ಲಿ ನೂರಕ್ಕೆ 11.7. ಆದ್ದರಿಂದ ನಾಳ ಸೀಳುವ ಮುನ್ನವೇ ವೈದ್ಯನು ಕೈಹಾಕಬೇಕು.

ಆದರೆ ಆ 'ಮುನ್ನ' ಎಲ್ಲರಿಗೂ ಒಂದೇ ಅಲ್ಲ. ಮಾರ್ಫಾನ್ ರೋಗದಲ್ಲಿ ನಾಳದ ಬುಡದ ಅಡ್ಡಳತೆ 5 ಸೆಂಟಿಮೀಟರು ಮುಟ್ಟಿದಾಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಸಲಹೆ ಮಾಡುತ್ತಾರೆ. 2005ರಲ್ಲಿ ವಿವರಿಸಲಾದ ಲೋಯ್ಸ್-ಡೀಟ್ಸ್ ರೋಗದಲ್ಲಿ ಇನ್ನೂ ಕಿರಿದಾದ ನಾಳವೇ ಸೀಳಬಹುದು, ಅಲ್ಲಿ 4.5 ಸೆಂಟಿಮೀಟರಿಗೆ, ಕೆಲವರಲ್ಲಿ ಅದಕ್ಕೂ ಮೊದಲೇ, ಸಿದ್ಧರಾಗಬೇಕಾಗುತ್ತದೆ. ಅದೃಷ್ಟವಶಾತ್ ಅವರ ನಾಳ ಹೊಲಿಗೆಯನ್ನು ಚೆನ್ನಾಗಿ ಹಿಡಿಯುತ್ತದೆ. ರಕ್ತನಾಳಗಳನ್ನು ಬಾಧಿಸುವ ಏಲರ್ಸ್-ಡಾನ್ಲೋಸ್ ರೋಗದ ರೀತಿಯೇ ಬೇರೆ. ಅಲ್ಲಿ ಮೂರನೆಯ ಬಗೆಯ ಕೊಲಾಜನ್ನಿನ ಜೀನು ಕೆಟ್ಟಿರುತ್ತದೆ. ಹೊಲಿಗೆ ಹಾಕುವುದು ನೆನೆದ ಹಪ್ಪಳವನ್ನು ಹೊಲಿದಂತೆ. ಇಲ್ಲಿ ವೈದ್ಯನು ಬಹಳ ಹಿಂದುಮುಂದು ನೋಡಿಯೇ ಶಸ್ತ್ರ ಹಿಡಿಯುತ್ತಾನೆ. ಹೀಗೆ ಹೊರಗೆ ಒಂದೇ ತೆರನಾಗಿ ತೋರುವ ಉಬ್ಬಿಗೆ ಯಾವ ಜೀನು ಕಾರಣವೆಂಬುದರ ಮೇಲೆ ಚಿಕಿತ್ಸೆಯ ಕಾಲವೂ ಕ್ರಮವೂ ಫಲವೂ ನಿಂತಿವೆ.

ಕೊಳವೆಯನ್ನು ಬದಲಿಸಿದ ಮಾತ್ರಕ್ಕೆ ಜೀನು ಬದಲಾಗದೆಂಬುದನ್ನು ನಾವು ಮರೆಯಬಾರದು. ಉಳಿದ ನಾಳವು ಮುಂದೆ ಉಬ್ಬಬಹುದಾದ್ದರಿಂದ ಜೀವಮಾನವಿಡೀ ತಪಾಸಣೆ ಅಗತ್ಯ. ಈ ರೋಗಿಗಳ ಪ್ರತಿಯೊಂದು ಮಗುವಿಗೂ ವಿಕೃತ ಜೀನು ಬರುವ ಸಂಭವ ಅರ್ಧದಷ್ಟು. ಒಬ್ಬರಲ್ಲಿ ರೋಗ ಕಂಡಾಗ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಇವರೆಲ್ಲರನ್ನೂ ಪರೀಕ್ಷಿಸಿದರೆ, ನೋವೇ ಅರಿಯದ ಒಂದು ಜೀವವನ್ನು ವೇಳೆಗೆ ಮುಂಚೆ ಉಳಿಸಿಕೊಳ್ಳಬಹುದು.