ಸಂಜೆಮಲ್ಲಿಗೆಯ ಬಣ್ಣ

ಹಿತ್ತಲಲ್ಲಿ ಸಂಜೆಮಲ್ಲಿಗೆ ಗಿಡಗಳಿವೆ. ಯಾರೂ ನೆಟ್ಟಿದ್ದಲ್ಲ. ಕರಿಮೆಣಸಿನಂಥ ಬೀಜ ಬಿತ್ತು. ಮಳೆ ಬಂತು. ಗಿಡ ಹುಟ್ಟಿತು. ಸಂಜೆ ಹೂ ಅರಳುತ್ತೆ. ಬೆಳಿಗ್ಗೆ ಬಿಸಿಲೇರಿದರೆ ಬಾಡುತ್ತೆ.

ಸೊಸೆ ಹೂ ಬಿಡಿಸುತ್ತಿದ್ದಳು. ಅವಳಿಗೆ ಈಗ ಐದು ತಿಂಗಳು. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು.

"ಅತ್ತೆ, ನಮ್ಮಲ್ಲಿ ಕೆಂಪು ಹೂವಿನ ಗಿಡ ಇತ್ತು. ಬಿಳಿ ಹೂವಿನ ಗಿಡ ಇತ್ತು. ಈ ಗುಲಾಬಿ ಬಣ್ಣದ್ದು ಎಲ್ಲಿಂದ ಬಂತು? ಬೇರೆ ಗೊಬ್ಬರ ಹಾಕಿದ್ರಾ?"

"ಇಲ್ಲಮ್ಮ. ಅದೇ ಮಣ್ಣು, ಅದೇ ನೀರು."

ಹಾಗಾದರೆ ಬಣ್ಣ ಎಲ್ಲಿಂದ ಬಂತು?

1900ರ ಆಸುಪಾಸಿನಲ್ಲಿ ಜರ್ಮನಿ ದೇಶದ ವಿಜ್ಞಾನಿ ಕಾರ್ಲ್ ಕೊರೆನ್ಸ್ ಇದನ್ನೇ ಪರೀಕ್ಷೆ ಮಾಡಿದರು. ಕೆಂಪು ಹೂವನ್ನೂ ಬಿಳಿ ಹೂವನ್ನೂ ಕೂಡಿಸಿದರು. ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿದರು. ಪರಾಗ ಅಂದರೆ ಹೂವಿನೊಳಗಿನ ಪುಡಿ. ಅದರಿಂದಾದ ಬೀಜ ಬಿತ್ತಿದರು. ಎಲ್ಲ ಗಿಡದಲ್ಲೂ ಗುಲಾಬಿ ಬಣ್ಣದ ಹೂ!

ಆ ಗಿಡಗಳ ಬೀಜವನ್ನೂ ಬಿತ್ತಿದರು. ಈಗ ನಾಲ್ಕು ಪಾಲಿನಲ್ಲಿ ಒಂದು ಪಾಲು ಕೆಂಪು, ಎರಡು ಪಾಲು ಗುಲಾಬಿ, ಒಂದು ಪಾಲು ಬಿಳಿ. ಅಜ್ಜ ಅಜ್ಜಿಯ ಬಣ್ಣ ಮೊಮ್ಮಕ್ಕಳಲ್ಲಿ ಮತ್ತೆ ಬಂತು!

ಬಣ್ಣದ ಗುಣ ಬೀಜದಲ್ಲೇ ಇತ್ತು. ತಾಯಿಗಿಡದಿಂದ ಅರ್ಧ, ತಂದೆಗಿಡದಿಂದ ಅರ್ಧ. ನಮ್ಮ ಹಿತ್ತಲಲ್ಲಿ ಪರಾಗ ಮುಟ್ಟಿಸುವ ಕೆಲಸವನ್ನು ಪತಂಗಗಳು ಮಾಡುತ್ತವೆ.

ಅತ್ತೆ ಸೊಸೆ ಮಾತಾಡುತ್ತಿದ್ದಾಗ ಆಶಾ ಕಾರ್ಯಕರ್ತೆ ಬಂದರು.

"ಕಬ್ಬಿಣದ ಮಾತ್ರೆ ನುಂಗ್ತಿದ್ದೀಯಾ ತಂಗಿ?"

ಸೊಸೆ ತಲೆ ತಗ್ಗಿಸಿದಳು.

ಅತ್ತೆ ಹೇಳಿದರು: "ನಾನೇ ಬೇಡ ಅಂದೆ. ಮಾತ್ರೆ ನುಂಗಿದ್ರೆ ಮಗು ಕಪ್ಪಗಾಗುತ್ತಂತಲ್ಲ. ಬೆಳ್ಳಗಾಗಲಿ ಅಂತ ಕೇಸರಿ ಹಾಲು ಕೊಡ್ತಿದ್ದೀನಿ."

"ಅಮ್ಮ, ಈ ಹೂವಿನ ಬಣ್ಣ ಗೊಬ್ಬರದಿಂದ ಬಂತಾ?"

"ಇಲ್ಲ."

"ಮಗುವಿನ ಬಣ್ಣವೂ ತಾಯಿ ತಂದೆ ಇಬ್ಬರಿಂದಲೂ ಬರುತ್ತೆ. ಅಜ್ಜಿಯ ಬಣ್ಣವೂ ಬರಬಹುದು. ಮಾತ್ರೆಯಿಂದ ಮಗು ಕಪ್ಪಾಗಲ್ಲ. ಕೇಸರಿಯಿಂದ ಬೆಳ್ಳಗಾಗಲ್ಲ. ಮಾತ್ರೆಯಿಂದ ಮಲ ಕಪ್ಪಗಾಗುತ್ತೆ, ಅದಕ್ಕೆ ಹೆದರಬೇಡಿ. ರಕ್ತ ಕಡಿಮೆಯಾದ್ರೆ ಹೆರಿಗೆಯಲ್ಲಿ ತಾಯಿ ಜೀವಕ್ಕೇ ಅಪಾಯ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, 180 ದಿನ ನುಂಗಬೇಕು."

ಅತ್ತೆ ಸುಮ್ಮನೆ ಕೂತರು. ತಮ್ಮ ಕೈ ನೋಡಿಕೊಂಡರು. ಆಮೇಲೆ ನಕ್ಕರು.

"ನಾನೂ ಕಪ್ಪೇ ಅಲ್ವಾ? ಮೊಮ್ಮಗು ನನ್ನ ಹಾಗೇ ಹುಟ್ಟಲಿ ಬಿಡು. ತಾಯಿ ಮಗು ಚೆನ್ನಾಗಿದ್ರೆ ಸಾಕು. ಊಟ ಮಾಡಿ ಮಾತ್ರೆ ನುಂಗಮ್ಮ."

ಓದಿ, ಉತ್ತರ ಹೇಳಿ

1. ಕೆಂಪು ಹೂ, ಬಿಳಿ ಹೂ ಕೂಡಿದಾಗ ಯಾವ ಬಣ್ಣ ಬಂತು?
2. ಅತ್ತೆ ಮಾತ್ರೆ ಬೇಡ ಅಂದಿದ್ದು ಏಕೆ?
3. ಮಗುವಿನ ಬಣ್ಣಕ್ಕೆ ತಾಯಿಯೊಬ್ಬಳನ್ನೇ ದೂರುವುದು ಸರಿಯೇ? ಮಾತಾಡಿ.